ಆಟದಂಗಳ: ಚೆಂಡು ಹಿಡಿದು ಓಡದ ಆಟಗಾರ

ಕಳೆದ ಸಂಚಿಕೆಯಲ್ಲಿ ಕಬಡ್ಡಿಯ ಸರಪಳಿ ಹಿಡಿತದ ಬಗ್ಗೆ ಬರೆಯುತ್ತ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಲೈನ್‌ಮನ್ ಎಂಬ ಆಟಗಾರನೊಬ್ಬ ಇರುತ್ತಾನೆಂದೂ, ಹತ್ತು ವರ್ಷ ವೃತ್ತಿಯಲ್ಲಿದ್ದರೂ ಚೆಂಡನ್ನು ಎದೆಗೊತ್ತಿಕೊಂಡು ಓಡುವ ಯೋಗ ಅವನಿಗೆ ಬಹುತೇಕ ಬರುವುದೇ ಇಲ್ಲವೆಂದೂ ಒಂದು ವಾಕ್ಯ ಸೇರಿಸಿದ್ದೆ. ಲೇಖನದ ಉಳಿದ ಭಾಗದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಆ ಒಂದು ವಾಕ್ಯಕ್ಕೆ ಮಾತ್ರ ಕಾರವಾರದಿಂದ ಹಳಿಯಾಳದವರೆಗೆ ಪತ್ರಗಳು ಬಂದವು. ಆದ್ದರಿಂದ ಈ ತಿಂಗಳ ಪುಟ ಪೂರ್ತಿ ಅವನಿಗೇ ಮೀಸಲು.

ಪ್ರಶ್ನೆ: ಮಾಸ್ತರರೆ, ನಮ್ಮ ಕಡೆ ಲೈನ್‌ಮನ್ ಎಂದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ ಕಂಬ ಹತ್ತುವವರು. ನೀವು ಬರೆದ ಲೈನ್‌ಮನ್ ಯಾರು, ಅವನ ಕೆಲಸವೇನು? (ಅಡಿಕೆ ಬೆಳೆಗಾರರು, ಸಿದ್ದಾಪುರ)

ಉತ್ತರ: ಇಬ್ಬರಿಗೂ ಹೆಸರಿನ ಹೊರತು ನಂಟಿಲ್ಲ. ಆದರೂ ಒಂದು ಹೋಲಿಕೆ ಉಂಟು: ಎಲ್ಲವೂ ಸರಿಯಾಗಿದ್ದಷ್ಟು ದಿನ ಇಬ್ಬರ ನೆನಪೂ ಯಾರಿಗೂ ಆಗುವುದಿಲ್ಲ.

ಅಮೆರಿಕನ್ ಫುಟ್‌ಬಾಲ್‌ನ ಅಂಗಳ 100 ಗಜ ಉದ್ದವಿರುತ್ತದೆ, ಎರಡು ತುದಿಗಳಲ್ಲಿ ಹತ್ತು ಹತ್ತು ಗಜದ ಪಟ್ಟಿಗಳಿರುತ್ತವೆ, ಎದುರಾಳಿಯ ಪಟ್ಟಿಯೊಳಗೆ ಚೆಂಡನ್ನು ಒಯ್ದರೆ ಅಂಕ ಸಿಗುತ್ತದೆ. ಒಂದೊಂದು ತಂಡದಿಂದ 11 ಮಂದಿ ಆಡುತ್ತಾರೆ. ಚೆಂಡು ಪಡೆದ ತಂಡಕ್ಕೆ ನಾಲ್ಕು ಅವಕಾಶಗಳಿರುತ್ತವೆ, ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಅವಕಾಶಗಳು ದೊರೆಯುತ್ತವೆ. ಪ್ರತಿ ಅವಕಾಶ ಶುರುವಾಗುವ ಮುನ್ನ ಎರಡೂ ತಂಡಗಳು ಎದುರುಬದುರಾಗಿ ಸಾಲುಗಟ್ಟಿ ನಿಲ್ಲುತ್ತವೆ, ಆ ಸಾಲೇ ಲೈನ್. ಚೆಂಡಿರುವ ತಂಡದ ಸಾಲಿನಲ್ಲಿ ಐವರು ಲೈನ್‌ಮನ್‌ಗಳು: ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಸೆಂಟರ್ ಬಗ್ಗಿ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ, ಎಂದರೆ ಆಟ ನಡೆಸುವ, ಚೆಂಡು ಎಸೆಯುವ ಆಟಗಾರನಿಗೆ, ಕೊಡುತ್ತಾನೆ. ಐವರ ಪೈಕಿ ಚೆಂಡು ಮುಟ್ಟುವವನು ಅವನೊಬ್ಬನೇ, ಅದೂ ಬಿಟ್ಟುಕೊಡುವುದಕ್ಕಾಗಿ. ಚೆಂಡು ಅಲುಗಿದ ಕ್ಷಣದಿಂದ ಐವರೂ ಎದುರಿನಿಂದ ನುಗ್ಗುವವರನ್ನು ತಡೆದು ನಿಲ್ಲಿಸಬೇಕು. ಚೆಂಡು ಎಸೆಯುವ ಯೋಜನೆಯಿದ್ದರೆ ಎಸೆಯುವವನಿಗೆ ಮೂರ್ನಾಲ್ಕು ಸೆಕೆಂಡುಗಳ ನೆಮ್ಮದಿ ಒದಗಿಸಬೇಕು, ಹಿಡಿದು ಓಡುವ ಯೋಜನೆಯಿದ್ದರೆ ಎದುರಾಳಿಗಳನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಡಿಸಬೇಕು.

ಇದನ್ನೆಲ್ಲ ಅವನು ಕೈಕಟ್ಟಿಸಿಕೊಂಡವನಂತೆ ಮಾಡಬೇಕು. ಎದುರಾಳಿಯ ಅಂಗಿ ಹಿಡಿದೆಳೆದರೆ ಹತ್ತು ಗಜ ದಂಡ ಬೀಳುತ್ತದೆ. ಚೆಂಡು ಅಲುಗುವ ಮೊದಲೇ ಗಡಿಬಿಡಿಯಲ್ಲಿ ಅಲುಗಿದರೆ ಐದು ಗಜ. ಸಾಮಾನ್ಯವಾಗಿ 50ರಿಂದ 79ರೊಳಗಿನ ಅಂಕಿ ಧರಿಸುವ ಇವರು, ಮೊದಲೇ ರೆಫರಿಗೆ ತಿಳಿಸಿ ಅನುಮತಿ ಪಡೆದ ವಿರಳ ಸಂದರ್ಭದ ಹೊರತು, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತೆಯೂ ಇಲ್ಲ. ಎದುರು ಸಾಲಿನಲ್ಲಿ ನಿಂತು ನುಗ್ಗುವವರೂ ಲೈನ್‌ಮನ್‌ಗಳೇ. ಅವರಿಗೆ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ ಲೆಕ್ಕವಾದರೂ ಸಿಗುತ್ತದೆ, ಒಂದಿಷ್ಟು ಚಪ್ಪಾಳೆಯೂ ಸಿಗುತ್ತದೆ. ಆದ್ದರಿಂದ ನಾನು ಹೆಚ್ಚಾಗಿ ತಡೆಯುವವರ ಕಡೆಗೇ ವಾಲುತ್ತೇನೆ, ಓದುಗರು ಈ ಪಕ್ಷಪಾತವನ್ನು ಕ್ಷಮಿಸಬೇಕು.

ಪ್ರಶ್ನೆ: ಮಗ ಒಹಾಯೋದಲ್ಲಿದ್ದಾನೆ. ಅವನ ಮನೆಯಲ್ಲಿ ಕುಳಿತು ಸೂಪರ್ ಬೌಲ್ ಎಂಬ ಫೈನಲ್ ಪಂದ್ಯ ನೋಡಿದೆ. ಗುದ್ದಾಟದಲ್ಲಿ ಚೆಂಡು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಹಾಗಿರುವಾಗ ಚೆಂಡಿಲ್ಲದ ಲೈನ್‌ಮನ್ ಚೆನ್ನಾಗಿ ಆಡಿದನೋ ಇಲ್ಲವೋ ಎಂದು ತಿಳಿಯುವುದು ಹೇಗೆ? (ಗೃಹಿಣಿ, ಶಿರಸಿ)

ಉತ್ತರ: ಅಮ್ಮ, ತಮ್ಮ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದೂ ಒಹಾಯೋದಲ್ಲಿಯೇ. 2016ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಕ್ಲೀವ್‌ಲ್ಯಾಂಡ್ ನಗರದ ಬ್ರೌನ್ಸ್ ತಂಡದ ಆಟಕ್ಕೆ ಕರೆದುಕೊಂಡು ಹೋದರು. ಕ್ರೀಡಾಂಗಣ ಈರೀ ಸರೋವರದ ದಂಡೆಯ ಮೇಲಿದೆ, ಅಲ್ಲಿಂದ ಬೀಸುವ ಗಾಳಿಗೆ ನಮ್ಮ ಕಾರವಾರದ ಗಾಳಿಯ ಉಪ್ಪೂ ಇಲ್ಲ, ಸೆಕೆಯೂ ಇಲ್ಲ, ಬರಿಯ ಚಳಿ. ಅರ್ಧ ಗಂಟೆ ನಾನು ಚೆಂಡನ್ನು ಹುಡುಕುತ್ತ ತಲೆ ಅತ್ತಿತ್ತ ತಿರುಗಿಸುವುದನ್ನು ನೋಡಿ ಅಳಿಯಂದಿರು ದುರ್ಬೀನು ಕೈಗೆ ಕೊಟ್ಟು, "ಮಾವ, ಚೆಂಡು ಬಿಟ್ಟುಬಿಡಿ, 73ನೇ ನಂಬರಿನವರನ್ನಷ್ಟೇ ನೋಡಿ" ಎಂದರು.

ನೋಡಿದೆ. ಎಡತುದಿಯಲ್ಲಿ ನಿಂತ ಆ ದೈತ್ಯನ ಬೆರಳುಗಳಿಗೆಲ್ಲ ಬಿಳಿ ಪಟ್ಟಿ ಸುತ್ತಿತ್ತು. ಚೆಂಡು ಅಲುಗಿದೊಡನೆ ಅವನು ಮುಂದೆ ನುಗ್ಗುವನೆಂದು ಕಾದಿದ್ದೆ, ಆದರೆ ಹಿಂದಕ್ಕೆ ಸರಿದ. ಎಡಗಾಲನ್ನು ಹಿಂದಕ್ಕೆ ಜಾರಿಸಿ, ಬಲಗಾಲನ್ನು ಅದರ ಬೆನ್ನಿಗೆ ಎಳೆದುಕೊಂಡು, ಸೊಂಟ ತಗ್ಗಿಸಿ, ಏಡಿಯು ಮರಳಿನ ಮೇಲೆ ಸರಿಯುವಂತೆ ಸರಿದ. ಸರಿಯುತ್ತಲೇ ನುಗ್ಗಿ ಬಂದವನ ಎದೆಗೆ ಎರಡೂ ಅಂಗೈಗಳನ್ನು ಒಮ್ಮೆಲೇ ಊರಿದ. ಬಂದವನು ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಕೈ ಕೊಡವಿದ. ಇವನು ಅವನೊಂದಿಗೇ ಹೊರಳಿದನೇ ಹೊರತು ಬಿಡಲಿಲ್ಲ. ಐದು ಸೆಕೆಂಡಿಗೆ ಸೀಟಿ ಊದಿತು. ಇಬ್ಬರೂ ತಿರುಗಿ ತಮ್ಮ ತಮ್ಮ ಜಾಗಕ್ಕೆ ನಡೆದರು. ಆ ಮಧ್ಯಾಹ್ನವಿಡೀ ಇದೇ ನಡೆಯಿತು. ಬ್ರೌನ್ಸ್ ಸೋತರು, ಆ ವರ್ಷದ 16 ಆಟಗಳಲ್ಲಿ ಅವರು ಗೆದ್ದದ್ದು ಒಂದೇ ಒಂದು. ಸುತ್ತಲಿನವರು ಕ್ವಾರ್ಟರ್‌ಬ್ಯಾಕ್‌ನನ್ನು ಬೈದರು, ಕೋಚ್‌ನನ್ನು ಬೈದರು, 73ನೇ ನಂಬರಿನವನ ಹೆಸರನ್ನು ಯಾರೂ ಎತ್ತಲಿಲ್ಲ. ಅಳಿಯಂದಿರ ಪ್ರಕಾರ ಅದೇ ಅವನಿಗೆ ಸಂದ ಪ್ರಶಸ್ತಿ.

ಅವನೇ ಜೋ ಥಾಮಸ್. ವಿಸ್ಕಾನ್ಸಿನ್ ರಾಜ್ಯದವನು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆಡಿ, 2007ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾದವನು. ಅಂದಿನಿಂದ 2017ರ ಅಕ್ಟೋಬರ್ 22ರಂದು ಎಡತೋಳಿನ ಹಿಂಬದಿಯ ಸ್ನಾಯು ಹರಿಯುವವರೆಗೆ, ಒಂದನ್ನೂ ತಪ್ಪಿಸದೆ 10,363 ಸ್ನ್ಯಾಪ್‌ಗಳಲ್ಲಿ, ಎಂದರೆ ಚೆಂಡು ಅಲುಗಿದ ಅಷ್ಟೂ ಸಲ, ಅವನು ಅಂಗಳದಲ್ಲಿದ್ದ. ಜ್ವರ, ಮೊಣಕಾಲು ನೋವು, ಸೋತೇ ತೀರಿದ ಆಟದ ಕೊನೆಯ ನಿಮಿಷ, ಯಾವುದೂ ಅವನನ್ನು ಬೆಂಚಿಗೆ ಕಳಿಸಲಿಲ್ಲ. ಅವನ ಬೆನ್ನ ಹಿಂದೆ ಇಪ್ಪತ್ತರಷ್ಟು ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋದರು. ಅವನು ಆಡಿದ ಒಂದು ಋತುವಿನಲ್ಲೂ ತಂಡ ನಾಕೌಟ್ ಹಂತ ತಲುಪಲಿಲ್ಲ. ಇಷ್ಟಾಗಿಯೂ 2023ರಲ್ಲಿ ಒಹಾಯೋದ ಕ್ಯಾಂಟನ್ ಊರಿನಲ್ಲಿರುವ, ಈ ಆಟದ ಶ್ರೇಷ್ಠರ ಗೌರವಮಂದಿರವಾದ ಹಾಲ್ ಆಫ್ ಫೇಮ್‌ಗೆ, ಅರ್ಹನಾದ ಮೊದಲ ವರ್ಷವೇ, ಅವನನ್ನು ಸೇರಿಸಿಕೊಂಡರು.

ಇನ್ನು ತಿಳಿಯುವುದು ಹೇಗೆ ಎಂಬ ಮಾತು. ಓಡುವವನಿಗೆ ಗಜಗಳ ಲೆಕ್ಕವಿದೆ, ಎಸೆಯುವವನಿಗೆ ಶೇಕಡಾವಾರಿದೆ. ತಡೆಯುವ ಲೈನ್‌ಮನ್‌ನ ಹೆಸರಿನ ಮುಂದೆ ಎಷ್ಟು ಆಟ ಆಡಿದ, ಎಷ್ಟು ಸಲ ದಂಡ ತೆತ್ತ ಎಂಬುದರ ಹೊರತು ಅಧಿಕೃತ ಅಂಕಪಟ್ಟಿಯಲ್ಲಿ ಏನೂ ಇರುವುದಿಲ್ಲ. ಕೋಚ್‌ಗಳು ಮರುದಿನ ಕೋಣೆ ಕತ್ತಲು ಮಾಡಿಕೊಂಡು ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ, ಒಂದೊಂದು ಸ್ನ್ಯಾಪ್‌ಗೂ ಹೆಜ್ಜೆ ಸರಿಯೇ, ಕೈ ಸರಿಯೇ ಎಂದು ಅಂಕ ಹಾಕುತ್ತಾರೆ. ಮನೆಯಲ್ಲಿ ಕುಳಿತು ನೋಡುವ ನಮಗೆ ಒಂದು ಸುಲಭದ ದಾರಿ ಇದೆ: ಆಟದ ಕೊನೆಗೆ ಕ್ವಾರ್ಟರ್‌ಬ್ಯಾಕ್‌ನ ಅಂಗಿ ನೋಡಿ. ಅದಕ್ಕೆ ಹುಲ್ಲು ಮಣ್ಣು ಹತ್ತಿರದಿದ್ದರೆ ಐವರೂ ಚೆನ್ನಾಗಿ ಆಡಿದರೆಂದು ತಿಳಿಯಬಹುದು.

ಮಾಜಾಳಿಯ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಣಿಯವರು ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದ ಮೇಲೆ ಎರಡು ಸಾಲು ಜನ ಹಿಮ್ಮಡಿಯನ್ನು ಮರಳಿಗೆ ನಾಟಿ, ನೆನೆದ ಹಗ್ಗಕ್ಕೆ ಮೈಯನ್ನೇ ಭಾರವಾಗಿ ಕೊಟ್ಟು, ಗೇಣು ಗೇಣಾಗಿ ಹಿಂದೆ ಸರಿಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಬರುವುದು ಬಂಗಡೆ ರಾಶಿಯ ಚಿತ್ರ. ಹಿಮ್ಮಡಿಯ ಕುಳಿಗಳನ್ನು ಅಷ್ಟರಲ್ಲಿ ತೆರೆ ಮುಚ್ಚಿರುತ್ತದೆ.

ಪ್ರಶ್ನೆ: ನಮ್ಮ ಹುಡುಗರು ಕಬಡ್ಡಿ ಪಂದ್ಯಕ್ಕೆ ಮುಂಚೆ 85 ಕಿಲೋ ಮೀರಬಾರದೆಂದು ಎರಡು ದಿನ ಉಪವಾಸ ಕೂರುತ್ತಾರೆ. ಅವರಲ್ಲಿ ತೂಕಕ್ಕೆ ಮಿತಿಯೇ ಇಲ್ಲವೇ? ಅಷ್ಟು ದಪ್ಪ ಇರಲೇಬೇಕೇ? (ಕಬಡ್ಡಿ ತರಬೇತುದಾರರು, ಅಂಕೋಲಾ)

ಉತ್ತರ: ವೃತ್ತಿಪರ ಆಟದಲ್ಲಿ ಮಿತಿ ಇಲ್ಲ, ಅಲ್ಲಿ ಉಪವಾಸದ ಬದಲು ಅತಿ ಊಟವೇ ಕಷ್ಟ. ಜೋ ಥಾಮಸ್ ಆರೂವರೆ ಅಡಿ ಎತ್ತರಕ್ಕೆ 140 ಕಿಲೋದ ಆಸುಪಾಸಿನಲ್ಲಿದ್ದ, ಇಂದಿನ ಸಾಲಿನಲ್ಲಿ ಅದು ಸಾಧಾರಣ ತೂಕ. ಮೊದಲು ಹೀಗಿರಲಿಲ್ಲ. 1978ರಲ್ಲಿ ನಿಯಮ ಬದಲಾಗಿ, ತಡೆಯುವವರು ತೋಳು ಚಾಚಿ ತೆರೆದ ಅಂಗೈಯಿಂದ ಎದುರಾಳಿಯನ್ನು ನೂಕಬಹುದು ಎಂದಾಯಿತು. ಅಲ್ಲಿಂದ ಉದ್ದ ತೋಳಿಗೂ ದೊಡ್ಡ ಮೈಗೂ ಬೆಲೆ ಏರುತ್ತ ಹೋಯಿತು. 1985ರಲ್ಲಿ ಶಿಕಾಗೋ ತಂಡಕ್ಕೆ ಬಂದ ವಿಲಿಯಂ ಪೆರಿ ಎಂಬ ರಕ್ಷಣಾ ಲೈನ್‌ಮನ್ 300 ಪೌಂಡು, ಅಂದರೆ 136 ಕಿಲೋ, ಮೀರಿದ್ದಾನೆಂಬುದೇ ದೇಶಕ್ಕೆಲ್ಲ ಸುದ್ದಿಯಾಯಿತು, ಫ್ರಿಜ್ ಎಂಬ ಅಡ್ಡಹೆಸರಂತೂ ಅವನಿಗೆ ಕಾಲೇಜಿನಲ್ಲಿಯೇ ಅಂಟಿತ್ತು. ಇಂದು 300 ಪೌಂಡಿಗೆ ಕಡಿಮೆ ಇರುವ ಲೈನ್‌ಮನ್‌ನನ್ನು ನೋಡಿ, ಈತ ಹೇಗೆ ತಾಳಿಕೊಂಡಾನು ಎಂದು ಕೇಳುತ್ತಾರೆ.

ದಪ್ಪ ಎಂಬ ಶಬ್ದ ಮಾತ್ರ ಅವರಿಗೆ ಅನ್ಯಾಯ ಮಾಡುತ್ತದೆ. ಪ್ರತಿ ವರ್ಷ ಇಂಡಿಯಾನಾಪೊಲಿಸ್ ನಗರದಲ್ಲಿ ಡ್ರಾಫ್ಟ್‌ಗೆ ಮುಂಚೆ ನಡೆಯುವ ಪರೀಕ್ಷೆಯಲ್ಲಿ ಇದೇ ಆಸಾಮಿಗಳು 40 ಗಜ ಓಡಬೇಕು, 102 ಕಿಲೋ ತೂಕವನ್ನು ಮಲಗಿ ಎಷ್ಟು ಸಲ ಎತ್ತಬಲ್ಲರೆಂದು ತೋರಿಸಬೇಕು. ತೋಳಿನ ಉದ್ದವನ್ನು ಇಂಚಿನ ಭಾಗಗಳಲ್ಲಿ ಅಳೆಯುತ್ತಾರೆ. ನನ್ನ ಮಗಳ ನೆರೆಮನೆಯವರು ಕಾಲೇಜು ತಂಡದಲ್ಲಿ ಗಾರ್ಡ್ ಆಗಿದ್ದವರು, ಈಗ ನಮ್ಮ ನಿಮ್ಮಂತೆ ತೆಳ್ಳಗಿದ್ದಾರೆ. ಅಭ್ಯಾಸಕ್ಕಿಂತ ಊಟದ ಗಂಟೆಗೆ ಹೆದರುತ್ತಿದ್ದೆ, ಹಸಿವೆ ಎಂದರೇನೆಂದು ನಾಲ್ಕು ವರ್ಷ ಮರೆತೇಹೋಗಿತ್ತು ಎಂದು ಅವರು ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ. ಥಾಮಸ್ ಕೂಡ 2018ರಲ್ಲಿ ನಿವೃತ್ತನಾದ ಮೇಲೆ ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿದ. ಅವನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರೆಂದೇ ತಿಳಿಯುತ್ತೀರಿ.

ತರಬೇತುದಾರರಾದ ತಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮಿನೆಸೋಟದ ವೈಕಿಂಗ್ಸ್ ತಂಡದ ಟ್ಯಾಕಲ್ ಕೋರಿ ಸ್ಟ್ರಿಂಗರ್, 27 ವರ್ಷದವನು, 2001ರ ಜುಲೈ ಕೊನೆಯ ದಿನ ಸೆಕೆಯಲ್ಲಿ ಪೂರ್ಣ ಕವಚ ಧರಿಸಿ ಅಭ್ಯಾಸ ಮಾಡುತ್ತ ಕುಸಿದ, ಮರುದಿನ ಬಿಸಿಲಾಘಾತದಿಂದ ತೀರಿಕೊಂಡ. ದೊಡ್ಡ ಮೈ ಹೆಚ್ಚು ಕಾವು ಹುಟ್ಟಿಸುತ್ತದೆ, ಗಾಳಿಯಲ್ಲಿ ತೇವವಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಇದು ಏಪ್ರಿಲ್ ಮೇ ತಿಂಗಳ ಅಂಕೋಲೆಗೆ ಇನ್ನೂ ಹೆಚ್ಚು ಅನ್ವಯಿಸುವ ಮಾತು. ಸ್ಟ್ರಿಂಗರ್ ಹೆಸರಿನಲ್ಲಿ 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಸಂಸ್ಥೆಯೊಂದು ಆರಂಭವಾಗಿದೆ. ಆಸ್ಪತ್ರೆಗೆ ಒಯ್ಯುವ ಮುಂಚೆ ಆಟಗಾರನನ್ನು ಅಲ್ಲಿಯೇ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ತಣಿಸಿರಿ ಎಂಬುದು ಅವರ ಮುಖ್ಯ ಬೋಧನೆ. ಬಂದರಿನ ಊರಿನವರಾದ ತಮಗೆ ಮಂಜುಗಡ್ಡೆಗೆ ಬರವಿಲ್ಲ. ಒಂದು ಪೆಟ್ಟಿಗೆ ಅಂಗಳದ ಪಕ್ಕ ಇರಲಿ. ಎರಡು ದಿನದ ಉಪವಾಸವನ್ನೂ ದಯವಿಟ್ಟು ನಿಲ್ಲಿಸಿರಿ.

ಪ್ರಶ್ನೆ: ಅವರು ಓದುತ್ತಾರೆಯೇ, ಬರೀ ಆಡುತ್ತಾರೆಯೇ? (ಪಿಯುಸಿ ವಿದ್ಯಾರ್ಥಿನಿ, ಕುಮಟಾ)

ಉತ್ತರ: ಬಹುತೇಕರು ಕಾಲೇಜು ತಂಡದ ಮೂಲಕವೇ ಬರುವುದರಿಂದ ಕಾಲೇಜಿನ ಮೆಟ್ಟಿಲು ಹತ್ತದವರು ಕಡಿಮೆ, ಪದವಿ ಮುಗಿಸುವುದು ಬೇರೆ ಮಾತು. ಆದರೆ ಮಗಳೇ, ಕೆಲವರ ಓದು ನಿನ್ನನ್ನೂ ನನ್ನನ್ನೂ ನಾಚಿಸುವಂಥದ್ದು. ಲೊರಾಂ ಡುವರ್ನೆ ತಾರ್ದಿಫ್ ಎಂಬ ಕೆನಡಾದ ಗಾರ್ಡ್, ಕ್ಯಾನ್ಸಾಸ್ ಸಿಟಿ ತಂಡದಲ್ಲಿ ಆಡುತ್ತಲೇ 2018ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದ; 2020ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದು, ಕೋವಿಡ್ ಬಂದಾಗ ಆ ವರ್ಷದ ಆಟವನ್ನೇ ಬಿಟ್ಟು ಕ್ವಿಬೆಕ್‌ನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ನಿಂತ. ಬಾಲ್ಟಿಮೋರ್ ತಂಡದ ಗಾರ್ಡ್ ಜಾನ್ ಅರ್ಷೆಲ್ ಗಣಿತಜ್ಞ. 2017ರಲ್ಲಿ, 26ನೆಯ ವಯಸ್ಸಿನಲ್ಲಿ, ಆಟಕ್ಕೆ ವಿದಾಯ ಹೇಳಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಈಗ ಅಲ್ಲಿಯೇ ಪಾಠ ಮಾಡುತ್ತಾನೆ.

ನನಗೆ ಹೆಚ್ಚು ಇಷ್ಟವಾದದ್ದು ಅಲನ್ ಪೇಜ್ ಅವರ ಕಥೆ. ಕ್ಯಾಂಟನ್ ಊರಿನಲ್ಲಿ ಹುಟ್ಟಿದ ಕರಿಯ ಹುಡುಗ, ಎಳೆಯ ವಯಸ್ಸಿನಲ್ಲಿ ಅಲ್ಲಿಯ ಹಾಲ್ ಆಫ್ ಫೇಮ್ ಕಟ್ಟಡದ ಕೆಲಸಕ್ಕೆ ಹೋಗಿ ದುಡಿದವರು; ಕಟ್ಟಡ 1963ರಲ್ಲಿ ತೆರೆಯಿತು. ಮುಂದೆ ಮಿನೆಸೋಟ ತಂಡದ ರಕ್ಷಣಾ ಲೈನ್‌ಮನ್ ಆಗಿ 1971ರಲ್ಲಿ ಎನ್‌ಎಫ್‌ಎಲ್ ಎಂಬ ಇಡೀ ವೃತ್ತಿಪರ ಲೀಗಿನ ಅತ್ಯುತ್ತಮ ಆಟಗಾರ ಎನಿಸಿದರು, ಆಡುತ್ತಲೇ ಕಾನೂನು ಓದಿದರು, 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಕಂಚಿನ ಮೂರ್ತಿ ಇಡಲಾಯಿತು, 1993ರಿಂದ 2015ರವರೆಗೆ ಮಿನೆಸೋಟದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಕ್ಯಾಂಟನ್‌ಗೆ ಹೋದಾಗ ಆ ಮೂರ್ತಿಯ ಮುಂದೆ ನಿಂತು, ಇವರು ಹೊತ್ತ ಸಾಮಾನು ಯಾವ ಗೋಡೆಯಲ್ಲಿದ್ದೀತು ಎಂದು ಸುತ್ತ ನೋಡಿದ್ದೆ.

ಪ್ರಶ್ನೆ: ಸಂಬಳ ಎಷ್ಟು, ಪಿಂಚಣಿ ಇದೆಯೇ? (ನಿವೃತ್ತ ಬ್ಯಾಂಕ್ ನೌಕರರು, ಕಾರವಾರ)

ಉತ್ತರ: 2025ರ ಋತುವಿನಲ್ಲಿ ಹೊಸಬನ ಕನಿಷ್ಠ ವೇತನ 8,40,000 ಡಾಲರ್, ನಮ್ಮ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿ ಮೀರುತ್ತದೆ. ತುದಿಯಲ್ಲಿರುವವರ ಮಾತೇ ಬೇರೆ: ಟ್ಯಾಂಪಾ ಬೇ ತಂಡದ ಟ್ಯಾಕಲ್ ಟ್ರಿಸ್ಟನ್ ವರ್ಫ್ಸ್ 2024ರಲ್ಲಿ ಐದು ವರ್ಷಕ್ಕೆ 14 ಕೋಟಿ ಡಾಲರ್ ದಾಟಿದ ಕರಾರಿಗೆ ಸಹಿ ಹಾಕಿದ. ಆದರೆ ಬ್ಯಾಂಕಿನವರಾದ ತಾವು ಕರಾರಿನ ಸಣ್ಣ ಅಕ್ಷರಗಳನ್ನು ಓದಬಲ್ಲಿರಿ. ಘೋಷಿಸಿದ ಮೊತ್ತವೆಲ್ಲ ಖಾತರಿಯದ್ದಾಗಿರುವುದಿಲ್ಲ, ತಂಡ ಕೈಬಿಟ್ಟರೆ ಉಳಿದ ವರ್ಷಗಳ ಹಣ ಕಾಗದದ ಮೇಲೆಯೇ ಉಳಿಯುತ್ತದೆ. ಬೇಸಿಗೆಯ ಶಿಬಿರಕ್ಕೆ ಒಂದು ತಂಡ 90 ಜನರನ್ನು ಕರೆದು, ಋತು ಶುರುವಾಗುವ ಹೊತ್ತಿಗೆ 53 ಜನರನ್ನಷ್ಟೇ ಉಳಿಸಿಕೊಳ್ಳುತ್ತದೆ. ಸರಾಸರಿ ಆಟಗಾರನ ವೃತ್ತಿ ಮೂರು ವರ್ಷದ ಆಸುಪಾಸು ಎಂದು ಆಟಗಾರರ ಸಂಘವೇ ಹೇಳುತ್ತ ಬಂದಿದೆ. ಪಿಂಚಣಿಗೆ ಅರ್ಹತೆ ಬರುವುದೂ ಮೂರು ಋತು ಮುಗಿದ ಮೇಲೆ. ಅಂಥ ಸಂಘವನ್ನು 1983ರಿಂದ 2008ರಲ್ಲಿ ಸಾಯುವವರೆಗೆ ಮುನ್ನಡೆಸಿದ ಜೀನ್ ಅಪ್‌ಷಾ ಕೂಡ ಓಕ್‌ಲ್ಯಾಂಡ್ ತಂಡದ ಗಾರ್ಡ್ ಆಗಿದ್ದವರು. ಆಟಗಾರರು ತಮಗೆ ಬೇಕಾದ ತಂಡಕ್ಕೆ ಹೋಗುವ ಹಕ್ಕು 1993ರಲ್ಲಿ ಅವರ ಕಾಲದಲ್ಲಿಯೇ ಬಂತು. ಪರರಿಗೆ ದಾರಿ ಬಿಡಿಸುವ ಅಭ್ಯಾಸ ಅವರಿಗೆ ಮೊದಲೇ ಇತ್ತಲ್ಲ.

ಪ್ರಶ್ನೆ: ದಿನವೂ ತಲೆಗೆ ತಲೆ ಗುದ್ದುವ ಈ ಉದ್ಯೋಗದಿಂದ ಮಿದುಳಿಗೆ ಏನೂ ಆಗುವುದಿಲ್ಲವೇ? (ಶುಶ್ರೂಷಕಿ, ಹೊನ್ನಾವರ)

ಉತ್ತರ: ಆಗುತ್ತದೆ, ಮತ್ತು ಅದು ಜಗತ್ತಿಗೆ ತಿಳಿದದ್ದೇ ಒಬ್ಬ ಲೈನ್‌ಮನ್‌ನಿಂದ. ಮೈಕ್ ವೆಬ್‌ಸ್ಟರ್ 1974ರಿಂದ 1988ರವರೆಗೆ ಪಿಟ್ಸ್‌ಬರ್ಗ್ ತಂಡದ, ಬಳಿಕ ಎರಡು ವರ್ಷ ಕ್ಯಾನ್ಸಾಸ್ ಸಿಟಿಯ ಸೆಂಟರ್ ಆಗಿದ್ದ; ನಾಲ್ಕು ಸೂಪರ್ ಬೌಲ್ ಗೆದ್ದ; ಕೊರೆಯುವ ಚಳಿಯಲ್ಲಿಯೂ ತೋಳು ಮುಚ್ಚಿಕೊಳ್ಳದೆ ಆಡುತ್ತಿದ್ದವನು. ಆಟ ಬಿಟ್ಟ ಮೇಲೆ ನೆನಪು ತಪ್ಪುತ್ತ, ಮನಸ್ಸು ಕುಸಿಯುತ್ತ, ಸಂಸಾರ ಬಿಟ್ಟುಹೋಗಿ, ಕೆಲವು ಕಾಲ ತನ್ನ ವಾಹನದಲ್ಲಿಯೇ ಮಲಗುತ್ತಿದ್ದ. 2002ರ ಸೆಪ್ಟೆಂಬರಿನಲ್ಲಿ, 50 ವರ್ಷಕ್ಕೆ, ಹೃದಯಾಘಾತದಿಂದ ಸತ್ತ.

ಶವಪರೀಕ್ಷೆ ಮಾಡಿದವರು ನೈಜೀರಿಯಾದಲ್ಲಿ ಹುಟ್ಟಿದ ತರುಣ ವೈದ್ಯ ಬೆನೆಟ್ ಒಮಾಲು. ಹೊರಗಿನಿಂದ ನೋಡಿದರೆ ಮಿದುಳು ಸರಿಯಾಗಿಯೇ ಇತ್ತು. ಇಂಥ ಬದುಕು ಬದುಕಿದವನ ಮಿದುಳು ಇಷ್ಟು ಸರಿಯಾಗಿರುವುದು ಹೇಗೆ ಎಂಬ ಸಂಶಯದಿಂದ ಅವರು ಅದನ್ನು ಎತ್ತಿಟ್ಟು, ತೆಳುವಾಗಿ ಸೀಳಿ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಟೌ ಎಂಬ ಪ್ರೋಟೀನಿನ ಗಂಟುಗಳು ಕಂಡವು. ಪದೇ ಪದೇ ಪೆಟ್ಟು ತಿಂದ ಮಿದುಳಿನಲ್ಲಿ ಬೆಳೆಯುವ ಈ ರೋಗಕ್ಕೆ ಸಿಟಿಇ ಎನ್ನುತ್ತಾರೆ. 2005ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಲೀಗಿನ ವೈದ್ಯರು ಲೇಖನವನ್ನು ಹಿಂದೆಗೆಯಬೇಕೆಂದು ಒತ್ತಾಯಿಸಿದರು. ಆಟಕ್ಕೂ ರೋಗಕ್ಕೂ ನಂಟಿದೆಯೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸದಸ್ಯರ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ. ಹನ್ನೊಂದು ವರ್ಷ ಬೇಕಾಯಿತು.

ಲೈನ್‌ಮನ್‌ಗೆ ಬೀಳುವ ಪೆಟ್ಟು ಎಚ್ಚರ ತಪ್ಪಿಸುವ ಜಾತಿಯದ್ದಲ್ಲ ಎಂಬುದೇ ಇಲ್ಲಿ ಮೋಸ. ಓಡುವವನಿಗೆ ಒಂದು ಭಾರೀ ಡಿಕ್ಕಿ ಆದರೆ ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತದೆ, ವೈದ್ಯರು ಓಡಿ ಬರುತ್ತಾರೆ. ಲೈನ್‌ಮನ್‌ಗೆ ಪ್ರತಿ ಸ್ನ್ಯಾಪ್‌ಗೂ ಒಂದು ಸಣ್ಣ ಗುದ್ದು, ಆಟಕ್ಕೆ ಅರವತ್ತು, ಅಭ್ಯಾಸದಲ್ಲಿ ಇನ್ನಷ್ಟು, ಯಾರೂ ಬರುವುದಿಲ್ಲ. ಕೂಡುತ್ತ ಹೋಗುವ ಈ ಸಣ್ಣ ಗುದ್ದುಗಳೇ ಹೆಚ್ಚು ಕೆಡುಕಿನವು ಎಂಬ ಕಡೆಗೆ ಸಂಶೋಧನೆ ವಾಲಿದೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ 111 ಮಾಜಿ ವೃತ್ತಿಪರ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ರೋಗದ ಗುರುತು ಸಿಕ್ಕಿತು. ಅವು ರೋಗದ ಸಂಶಯವಿದ್ದ ಮನೆಯವರೇ ಹೆಚ್ಚಾಗಿ ದಾನ ಕೊಟ್ಟ ಮಿದುಳುಗಳಾದ್ದರಿಂದ, ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ರೋಗವಿದೆಯೆಂದು ಅರ್ಥ ಮಾಡಬಾರದು. ತಾವು ಆಸ್ಪತ್ರೆಯವರು, ಈ ವ್ಯತ್ಯಾಸ ತಮಗೆ ತಿಳಿದದ್ದೇ. ರೋಗ ಖಚಿತವಾಗುವುದು ಸತ್ತ ಮೇಲೆ ಮಾತ್ರ. ಗಣಿತಜ್ಞ ಅರ್ಷೆಲ್ ಆಟ ಬಿಟ್ಟದ್ದು ಆ ವರದಿ ಹೊರಬಂದ ಎರಡೇ ದಿನಕ್ಕೆ.

ಮಿದುಳಿನ ಮಾತು ಹೀಗಾದರೆ ಕೀಲುಗಳ ಮಾತು ಇನ್ನೊಂದು. ಓಕ್‌ಲ್ಯಾಂಡ್ ತಂಡದ ಸೆಂಟರ್ ಜಿಮ್ ಆಟೋ 1960ರಿಂದ 1974ರವರೆಗೆ 210 ಆಟಗಳನ್ನು ಒಂದೂ ಬಿಡದೆ ಆಡಿದ. ಆ ಶರೀರಕ್ಕೆ ಜೀವಮಾನದಲ್ಲಿ ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, 2007ರಲ್ಲಿ ಬಲಗಾಲನ್ನೇ ತೆಗೆಯಬೇಕಾಯಿತು. ಮೇಲೆ ನಾನು ಥಾಮಸ್‌ನ 10,363ನ್ನು ಹೊಗಳಿ ಬರೆದೆ. ಆ ಅಂಕಿಯನ್ನು ಆಟೋನ ಕಾಲಿನೊಂದಿಗೆ ಇಟ್ಟು ಓದಿದರೆ ನನ್ನ ಹೊಗಳಿಕೆ ನನಗೇ ಸ್ವಲ್ಪ ಇರಿಸುಮುರಿಸು ಮಾಡುತ್ತದೆ.

ಪ್ರಶ್ನೆ: ನನ್ನ ಅಕ್ಕನ ಮಗನಿಗೆ 19 ವರ್ಷ, ಆರಡಿ ಎರಡಿಂಚು, 118 ಕಿಲೋ. ತೂಕದಿಂದಾಗಿ ಕಬಡ್ಡಿಯಲ್ಲಿ ಜಾಗ ಸಿಗಲಿಲ್ಲ. ಅಮೆರಿಕದ ಈ ಆಟಕ್ಕೆ ಹೋಗಬಹುದೇ? (ಕೃಷಿಕರು, ಹಳಿಯಾಳ)

ಉತ್ತರ: ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದಷ್ಟೇ ಹೇಳಬಲ್ಲೆ. ಸಿಡ್ನಿಯಲ್ಲಿ ಬೆಳೆದ ಜೋರ್ಡನ್ ಮೈಲಾಟ ರಗ್ಬಿ ಆಡುತ್ತಿದ್ದವನು, ಅಮೆರಿಕನ್ ಫುಟ್‌ಬಾಲ್‌ನ ಒಂದು ಆಟವನ್ನೂ ಆಡಿರಲಿಲ್ಲ. ಹೊರದೇಶದ ಆಟಗಾರರಿಗಾಗಿ ಲೀಗ್ 2017ರಲ್ಲಿ ತೆರೆದ ತರಬೇತಿ ಯೋಜನೆಯ ಮೂಲಕ ಹೋಗಿ, 2018ರ ಡ್ರಾಫ್ಟ್‌ನ 256 ಜನರಲ್ಲಿ 233ನೆಯವನಾಗಿ ಫಿಲಡೆಲ್ಫಿಯಾ ತಂಡಕ್ಕೆ ಸೇರಿದ; ಎರಡು ಋತು ಒಂದು ಆಟವನ್ನೂ ಆಡದೆ ಕಲಿಯುತ್ತ ಕುಳಿತ; 2025ರ ಫೆಬ್ರವರಿಯಲ್ಲಿ ಎಡ ಟ್ಯಾಕಲ್ ಆಗಿ ಸೂಪರ್ ಬೌಲ್ ಗೆದ್ದ. ಆದರೆ ಅವನು ಆರಡಿ ಎಂಟಿಂಚಿನ ಆಳು. ಅಂಥ ಕಥೆ ವಿರಳವಾದ್ದರಿಂದಲೇ ನಮ್ಮ ಕಿವಿಗೆ ಬೀಳುತ್ತದೆ.

ತಮ್ಮ ಹುಡುಗನಿಗೆ ನಾನು ತೋರಿಸುವ ದಾರಿ ಹಳಿಯಾಳದಲ್ಲಿಯೇ ಇದೆ: ಕುಸ್ತಿ. ಫ್ರೀಸ್ಟೈಲ್‌ನ ಕೊನೆಯ ವರ್ಗ 125 ಕಿಲೋವರೆಗೆ ಇದೆ, ಅವನು ಒಂದು ಹೊತ್ತೂ ಉಪವಾಸ ಮಾಡದೆ ಅದರಲ್ಲಿ ಹಿಡಿಸುತ್ತಾನೆ. ಲೈನ್‌ಮನ್‌ನ ವಿದ್ಯೆಗೂ ಕುಸ್ತಿಗೂ ಬಹಳ ಹತ್ತಿರ; ಸೊಂಟ ತಗ್ಗಿಸುವುದು, ಎದುರಾಳಿಯ ಕೈಗಿಂತ ಒಳಗೆ ತನ್ನ ಕೈ ಇಡುವುದು, ಪಾದ ಎತ್ತದೆ ಜಾಗ ಬದಲಿಸುವುದು ಎರಡಕ್ಕೂ ಒಂದೇ. ಸ್ಟೀಫನ್ ನೀಲ್ ಎಂಬವನು 1999ರಲ್ಲಿ ಕುಸ್ತಿಯ ವಿಶ್ವ ಚಾಂಪಿಯನ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡದ ಅವನನ್ನು ನ್ಯೂ ಇಂಗ್ಲೆಂಡ್ ತಂಡದವರು ಕರೆದು ಗಾರ್ಡ್ ಮಾಡಿದರು, ಸೂಪರ್ ಬೌಲ್ ಗೆದ್ದ ಸಾಲಿನಲ್ಲಿ ಅವನು ನಿಂತ. ಹುಡುಗ ಮೊದಲು ಗರಡಿಯ ಕೆಂಪು ಮಣ್ಣು ಹತ್ತಿಸಿಕೊಳ್ಳಲಿ. ಹೋದರೆ ಹೋಗಲಿ, ಹೋಗದಿದ್ದರೂ ದಸರಾ ಕುಸ್ತಿಗಂತೂ ಹೋಗಬಹುದು.

ಪ್ರಶ್ನೆ: ಮಾಸ್ತರರೆ, ಈ ಲೈನ್‌ಮನ್‌ಗಳಿಗೆ ಮೀನುಗಾರಿಕೆ ಬರುತ್ತದೆಯೇ? ತಮಾಷೆಗೆ ಕೇಳಿಲ್ಲ, ರಂಪಣಿ ಎಳೆಯಲು ಜನ ಸಿಗುತ್ತಿಲ್ಲ. (ಮೀನುಗಾರರು, ಮಾಜಾಳಿ)

ಉತ್ತರ: ಒಬ್ಬನಿಗಂತೂ ಬರುತ್ತದೆ. 2007ರ ಏಪ್ರಿಲ್ 28ರಂದು ನ್ಯೂಯಾರ್ಕಿನಲ್ಲಿ ಡ್ರಾಫ್ಟ್ ನಡೆಯುವಾಗ, ಮೊದಲ ಸಾಲಿನ ಹುಡುಗರೆಲ್ಲ ಹೊಸ ಸೂಟು ತೊಟ್ಟು, ಮನೆಮಂದಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಟಿವಿ ಕ್ಯಾಮೆರಾಗಳ ಮುಂದೆ ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಿದ್ದರು. ಜೋ ಥಾಮಸ್‌ಗೂ ಆಮಂತ್ರಣವಿತ್ತು. ಅವನು ಅಂದು ತಂದೆಯ ಜೊತೆ ಮಿಷಿಗನ್ ಸರೋವರದಲ್ಲಿ ದೋಣಿಯ ಮೇಲೆ ಗಾಳ ಹಾಕುತ್ತಿದ್ದ, ಕ್ಲೀವ್‌ಲ್ಯಾಂಡಿನವರ ಕರೆ ಅಲ್ಲಿಯೇ ಬಂತು. ರಂಪಣಿಗೆ ತಾವು ಕರೆದರೆ ಬಂದಾನೋ ಏನೋ. ಈಗ ಇಪ್ಪತ್ತು ಕಿಲೋ ಇಳಿದಿದ್ದಾನೆ. ಆದರೂ ದೋಣಿಗೆ ಹತ್ತಿಸಿಕೊಳ್ಳಬೇಡಿ, ದಡದ ಹಗ್ಗಕ್ಕೆ ನಿಲ್ಲಿಸಿರಿ.